ಕಾಲಿದ್ದಷ್ಟು

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ನಮ್ಮ ಕಡೆ.
ಹಡರ್ಸ್‌ಫೀಲ್ಡಿನ ಈ ಅಂಗಡಿಯಲ್ಲಿ
ನನ್ನದು ತಿರುಗಾಮುರುಗಾ ಕೆಲಸ:
ಕಾಲಿದ್ದಷ್ಟು ಬಟ್ಟೆ ಉಳಿಸಿ
ಮಿಕ್ಕಿದ್ದು ಕತ್ತರಿಸುವುದು.

ಪ್ಯಾಂಟು ಹೊಲಿಯುವವರು ಎಲ್ಲೋ ದೂರ ಕೂತು
ಒಬ್ಬ ಉದ್ದನೆಯ ಮನುಷ್ಯನನ್ನು ಊಹಿಸಿಕೊಂಡಿರುತ್ತಾರೆ.
ಅವನು ಇನ್ನೂ ಈ ಬಾಗಿಲಿಗೆ ಬಂದಿಲ್ಲ.
ಬರುವವರೆಲ್ಲ ಅವನಿಗಿಂತ ಎರಡಿಂಚು, ಮೂರಿಂಚು ಕಡಿಮೆ.
ಸ್ಟೂಲಿನ ಮೇಲೆ ನಿಲ್ಲಿಸಿ
ಗುಂಡುಸೂಜಿ ಕಚ್ಚಿಕೊಂಡೇ ಹೇಳುತ್ತೇನೆ:
ನೆಟ್ಟಗೆ ನಿಲ್ಲಿ, ಕೆಳಗೆ ನೋಡಬೇಡಿ,
ನೋಡಿದರೆ ಅಳತೆ ತಪ್ಪುತ್ತದೆ.
ಎಲ್ಲರೂ ನೋಡುತ್ತಾರೆ.

ಕತ್ತರಿಸುವ ಮೊದಲು ಹಳೆಯ ಮಡಿಕೆ ಬಿಚ್ಚಬೇಕು.
ಅದರೊಳಗೆ ಏನೇನೋ ಇರುತ್ತದೆ:
ಸ್ಕಾರ್ಬರೋ ದಂಡೆಯ ಮರಳು,
ಹುಲ್ಲಿನ ಬೀಜ, ನಾಯಿಯ ಬಿಳಿ ಕೂದಲು,
ಒಮ್ಮೆ, ಯಾರದೋ ಮದುವೆಯಲ್ಲಿ ತೂರಿದ ಬಣ್ಣದ ಕಾಗದದ ಚೂರು,
ಇಸ್ತ್ರಿಯಾಗಿ ಇಸ್ತ್ರಿಯಾಗಿ
ಬಟ್ಟೆಗೇ ಅಂಟಿಹೋಗಿದ್ದು.
ಅದನ್ನೆಲ್ಲ ಕೊಡವಿಬಿಡುತ್ತೇನೆ.
ಕತ್ತರಿಸಿದ ಪಟ್ಟಿಯನ್ನು ಮಾತ್ರ
ಬಿಸಾಕಲು ಕೈ ಬರುವುದಿಲ್ಲ.

ನಮ್ಮವ್ವ ಖಣದ ಚೂರು ಕೂಡಿಸಿ ಕುಲಾವಿ ಹೊಲಿದು
ಹೆರಿಗೆಯಾದ ಮನೆಗಳಿಗೆ ಕೊಟ್ಟುಬರುತ್ತಿದ್ದಳು.
ಕೂಸಿನ ತಲೆಗೆ ಹತ್ತು ಚೂರು ಸಾಕು.
ನನ್ನ ಮೈಗೆ ಲೆಕ್ಕ ಹಾಕಿದೆ:
ನೂರಾ ಹನ್ನೆರಡು.

ನಾಲ್ಕು ಚಳಿಗಾಲ ಹಿಡಿಯಿತು ಆ ಕೋಟು.
ಬೂದಿ, ಕಡುನೀಲಿ, ಇದ್ದಿಲಿನ ಕಪ್ಪು.
ಶಾಲೆ ಹುಡುಗರ ಅಗ್ಗದ ಪಾಲಿಯೆಸ್ಟರು ಬೆನ್ನಿಗೆ,
ಒರಗಿದರೆ ಮೊದಲು ಸವೆಯುವುದು ಅದೇ, ಸವೆಯಲಿ;
ಈ ಊರಿನ ಮಿಲ್ಲಿನದೇ ಒಳ್ಳೆಯ ಉಣ್ಣೆ ಎದೆಗೆ, ತೋಳಿಗೆ.
ಉಣ್ಣೆ ಆವಿಗೆ ಕುಗ್ಗುತ್ತದೆ, ಪಾಲಿಯೆಸ್ಟರು ಜಪ್ಪಯ್ಯ ಅನ್ನುವುದಿಲ್ಲ,
ಎರಡರ ಜಗಳ ಬಿಡಿಸುತ್ತ
ಎಡತೋಳನ್ನು ಮೂರು ಸಲ ಬಿಚ್ಚಿದೆ.
ಅಂಗಡಿಯ ಒಡತಿ ಬ್ರೊನಿಸ್ಲಾವಾ ಕನ್ನಡಕ ಏರಿಸಿ ನೋಡಿ,
ಮಾರಿದರೆ ಹೊಲಿದ ಕೂಲಿಯೂ ಹುಟ್ಟುವುದಿಲ್ಲ ಅಂದಳು.
ಮರುದಿನ ಹಳೆಯ ಪರದೆಯ ತುಂಡೊಂದು ತಂದಳು, ಕಿಸೆಗೆ.
ಒಳಗೆಲ್ಲ ಕಿತ್ತಳೆ ಹೂ.
ಕೈ ಹಾಕಿದವರಿಗಷ್ಟೇ ಗೊತ್ತು.

ಮಾರ್ಚಿನ ಒಂದು ಬೆಳಿಗ್ಗೆ, ಲಾಕ್‌ವುಡ್ ಬಸ್‌ಸ್ಟಾಪು.
ಮಿಸೆಸ್ ಹಿಂಚ್ಲಿಫ್ ನನ್ನ ಬಲತೋಳನ್ನೇ ನೋಡುತ್ತಿದ್ದರು.
ಮೊಣಕೈಯಿಂದ ನಾಲ್ಕನೇ ಪಟ್ಟಿ,
ಬೂದಿಯಲ್ಲಿ ಎಳೆಯಷ್ಟು ಕೆಂಪು ಗೆರೆ.
'ಇದು ನಮ್ಮ ವಿಲ್ಫ್' ಅಂದರು.

ನೆನಪಾಯಿತು.
ಪೆಟ್ಟಿಗೆಯಲ್ಲಿ ಮಲಗಿಸುವಾಗ ತೊಡಿಸಲೆಂದು ತಂದ ಸೂಟು.
ಕಡೆಕಡೆಗೆ ಮನುಷ್ಯ ಕುಗ್ಗಿದ್ದರಂತೆ.
ಪಾದ ಮುಚ್ಚಿರುತ್ತಾರಲ್ಲ, ಯಾರಿಗೆ ಕಾಣುತ್ತದೆ, ಎಂದಿದ್ದೆ ನಾನು.
'ಅವನಿಗೆ ಗೊತ್ತಾಗುತ್ತದೆ' ಎಂದಿದ್ದರು.
ಒಂದೂಮುಕ್ಕಾಲು ಇಂಚು.
ದುಡ್ಡು ತೆಗೆದುಕೊಂಡಿದ್ದೆ.

ಬಿಚ್ಚಿಕೊಡುತ್ತೇನೆ, ಅಂದೆ.
ನನ್ನ ಚೀಲದಲ್ಲಿ ಪುಟ್ಟ ಕತ್ತರಿ ಇದ್ದೇ ಇರುತ್ತದೆ.
ಅವರು ಪಟ್ಟಿಯುದ್ದಕ್ಕೂ ಬೆರಳಾಡಿಸಿ,
'ಇಲ್ಲಿ ಹೊಲಿಗೆ ಸಡಿಲ' ಅಂದರು.
ಸ್ವಲ್ಪ ಹೊತ್ತು ಬಿಟ್ಟು,
'ಇರಲಿ. ಮನೆಯಲ್ಲಿ ಕೂತರೆ ಅವನಿಗೆ ಆಗುತ್ತಿರಲಿಲ್ಲ.
ಪೇಟೆಗೆ ಹೋಗಿಬರಲಿ.'

ಬಸ್ಸು ಬಂತು.
ಮೇಲಿನ ಅಂತಸ್ತು ಹತ್ತುವ ಮಂಡಿ ಇಬ್ಬರಿಗೂ ಇಲ್ಲ.
ಕೆಳಗೇ ಪಕ್ಕಪಕ್ಕ ಕೂತೆವು,
ಅವರ ಕೈ ನನ್ನ ತೋಳಿನ ಮೇಲೆ,
ನನ್ನ ಕೈ ಕಿಸೆಯ ಹೂಗಳಲ್ಲಿ.
ಟಿಕೆಟ್ಟಿನ ದರ ಏರಿದ್ದರ ಬಗ್ಗೆ ಮಾತಾಡಿದೆವು.

ರಾತ್ರಿ ಆ ಹೊಲಿಗೆಯನ್ನು ಮತ್ತೆ ಹಾಕಿದೆ,
ಈ ಸಲ ಸಣ್ಣ ಸಣ್ಣಗೆ.
ಕೊನೆಗೆ ದಾರ ಕಚ್ಚಿ ತುಂಡು ಮಾಡುವಾಗ
ಹಲ್ಲಿಗೆ ಕರಕ್ ಎಂದಿತು
ಒಂದೇ ಒಂದು ಹರಳು ಮರಳು.